ಕಂಡಿಯಲ್ಲಿ ನೆನೆದ ಕೇದಗೆ

ಫುಸಿ ಅಣ್ಣನ ಮನೆಯ ಮುಂಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅಣ್ಣ ಕಲಾಫಿ ಹಿಂಬಾಗಿಲಿನಿಂದ ಹೊರಟುಹೋಗಿದ್ದ. ಅವನು ಕೂತಿದ್ದ ಕಡೆ ಅರ್ಧ ತಿಂದ ಬೇಯಿಸಿದ ಬಾಳೆಕಾಯಿ ಬಿದ್ದಿತ್ತು, ಹಿಂಬಾಗಿಲ ಪರದೆ ಇನ್ನೂ ಅಲ್ಲಾಡುತ್ತಿತ್ತು. ಇದರಲ್ಲಿ ಜಗಳವೇನೂ ಇರಲಿಲ್ಲ. ನಮ್ಮ ಟೊಂಗ ದ್ವೀಪಗಳಲ್ಲಿ, ಬೆಳೆದು ದೊಡ್ಡವಳಾದ ತಂಗಿ ಒಳಗೆ ಬಂದರೆ ಅಣ್ಣನಾದವನು ಎದ್ದು ಹೋಗಬೇಕು. ಅವಳೆದುರು ಕಾಲು ಚಾಚಬಾರದು, ಚೇಷ್ಟೆಯ ಮಾತಾಡಬಾರದು, ಒಂದೇ ಕೋಣೆಯಲ್ಲಿ ಕೂತು ಹರಟಬಾರದು. ಅಣ್ಣ ಎಷ್ಟೇ ದೊಡ್ಡವನಾದರೂ ತಂಗಿ ಅವನಿಗಿಂತ ಒಂದು ಮೆಟ್ಟಿಲು ಮೇಲೆ. ಆದರೆ ಎದ್ದು ಹೋಗುವುದರಲ್ಲೂ ಬಗೆಗಳಿವೆ. ಮರ್ಯಾದೆಗೆ ಹೋಗುವವನು ಕೈಯಲ್ಲಿದ್ದುದನ್ನು ತಿಂದು ಮುಗಿಸಿ, ನಿಧಾನಕ್ಕೆ ಹೋಗುತ್ತಾನೆ. ಕಲಾಫಿ ಓಡಿಹೋಗಿದ್ದ.

ಫುಸಿಗೆ ಇಂಥದ್ದೆಲ್ಲ ಬೇಗ ಕಣ್ಣಿಗೆ ಬೀಳುತ್ತಿತ್ತು. ಸಮುದ್ರದಾಚೆಯ ಸುವಾ ಪಟ್ಟಣದಲ್ಲಿ ಮನಸ್ಸಿನ ಶಾಸ್ತ್ರ ಓದಿ ಬಂದವಳು ಅವಳು. ದ್ವೀಪದ ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಕೂತು ಜನರ ಮಾತು ಕೇಳುವುದು ಅವಳ ಕೆಲಸ. ಆ ಹುದ್ದೆಗೆ ಸರ್ಕಾರ ಉದ್ದದ ಹೆಸರೊಂದನ್ನು ಕೊಟ್ಟಿತ್ತು, ಊರಿನವರು ‘ತಲೆ ನರ್ಸು’ ಎಂದು ಮೊಟಕು ಮಾಡಿದ್ದರು. “ಅವಳ ಮುಂದೆ ಆಕಳಿಸಬೇಡ್ರಪ್ಪ, ಅದಕ್ಕೂ ಒಂದು ಕಾರಣ ಹೇಳ್ತಾಳೆ” ಎಂದು ಕಾವಾ ಬೇರಿನ ರಸ ಕುಡಿಯುತ್ತ ಕೂತ ಗಂಡಸರು ನಗುತ್ತಿದ್ದರು. ನಕ್ಕವರೇ ಮರುದಿನ ಬೆನ್ನುನೋವು ಎಂದು ಬಂದು, ಬೆನ್ನನ್ನು ಮರೆತು ಮನೆಬಿಟ್ಟು ಹೋದ ಮಗನ ಮಾತಾಡಿ, ಕಣ್ಣೊರೆಸಿಕೊಂಡು, ನೋವು ಎಷ್ಟೋ ವಾಸಿ ಎಂದು ಎದ್ದು ಹೋಗುತ್ತಿದ್ದರು.

“ಕೂತ್ಕೊಳ್ಳಿ. ಅವರು ಇಂಜಿನ್ ನೋಡಕ್ಕೆ ಹೋದ್ರು,” ಎಂದಳು ಕಲಾಫಿಯ ಹೆಂಡತಿ ಲವೀನಿಯಾ, ಬಾಳೆಕಾಯಿ ತಟ್ಟೆಯನ್ನು ಸರಿಸುತ್ತ.

ಫುಸಿ ಬಟ್ಟೆಯ ಮೇಲೆ ಸೊಂಟಕ್ಕೆ ಸುತ್ತಿದ್ದ ಹಳೆಯ ಚಾಪೆಯನ್ನು ಸರಿಮಾಡಿಕೊಂಡು ಕೂತಳು. ಲವೀನಿಯಾಳ ಕಣ್ಣು ಆ ಚಾಪೆಯ ಅಂಚಿಗೆ ಹೋಗಿ ತಟಕ್ಕನೆ ಹಿಂದೆ ಬಂತು. ಅದನ್ನು ಮಾತ್ರ ಫುಸಿ ಗಮನಿಸಲಿಲ್ಲ.

“ಇಂಜಿನ್ನಿಗೆ ಏನಾಗಿದೆ, ಅತ್ತಿಗೆ?”

“ಏನೂ ಆಗಿಲ್ಲ. ಸಮುದ್ರಕ್ಕೆ ಹೋಗದೆ ಇರಕ್ಕೆ ಈ ತಿಂಗಳು ಇಂಜಿನ್ನು. ಅದಕ್ಕೆ ಮುಂಚೆ ಗಾಳಿ ಸರಿ ಇರಲಿಲ್ಲ. ಅದಕ್ಕೂ ಮುಂಚೆ ಚರ್ಚಿನ ಸೂರು ರಿಪೇರಿ.” ಲವೀನಿಯಾ ದನಿ ತಗ್ಗಿಸಿದಳು. “ಚರ್ಚಿನಲ್ಲಿ ಮಕ್ಕಳ ಭಾನುವಾರದ ಹಬ್ಬ ಕಳೀಲಿ ಅಂತ ಕಾಯ್ತಿದಾರೆ. ಮಾರನೇ ದಿನ ನುಕುಅಲೋಫಾ ಪೇಟೆಯಿಂದ ಯಾರೋ ದೋಣಿ ನೋಡಕ್ಕೆ ಬರ್ತಾರೆ. ನೋಡಕ್ಕೇನು ಬಂತು, ತಗೊಂಡೋಗಕ್ಕೇ.”

ಆ ದೋಣಿಯನ್ನು ಕಟ್ಟಿದವನು ಅವರ ಅಪ್ಪ. ಅದಿಲ್ಲದ ಕಲಾಫಿಯನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅಣ್ಣ ದೋಣಿ ಮಾರಿದರೆ ಆಮೇಲೆ ಪರದೇಶದ ಯಾವುದಾದರೂ ಹಣ್ಣಿನ ತೋಟದ ಕೂಲಿಗೆ ಹೊರಟುಹೋಗುತ್ತಾನೆ, ಹೋದವನು ಬರುವುದಿಲ್ಲ ಎಂದು ಫುಸಿಗೆ ಅನ್ನಿಸಿತು.

ಹೋದ ವರ್ಷ ಫುಸಿ ಓದು ಮುಗಿಸಿ ಬಂದಾಗ ಚರ್ಚಿನಲ್ಲಿ ಅವಳಿಗಾಗಿ ಪ್ರಾರ್ಥನೆ ಇಟ್ಟಿದ್ದರು. ಆ ದಿನ ಅವಳು ಉಡಬೇಕಾಗಿದ್ದದ್ದು ತೀರಿಹೋದ ಅಮ್ಮ ನೇಯ್ದ ಸೊಂಟದ ಚಾಪೆ. ಸೊಂಟಕ್ಕೆ ಚಾಪೆ ಸುತ್ತದೆ ನಮ್ಮ ಜನ ದೇವರ ಮುಂದೆ ನಿಲ್ಲುವುದಿಲ್ಲ. ಅಮ್ಮನದಂತೂ ಬಟ್ಟೆಯಷ್ಟು ನುಣುಪಾದ, ಮನೆತನದ ಮಾನ ಹೊತ್ತ ಚಾಪೆ. ಅದು ಅಮ್ಮನ ತವರಿನ ದ್ವೀಪದಲ್ಲಿತ್ತು. ಕಲಾಫಿ ತರಲು ಹೋದ. ವಾಪಸು ಬರುವಾಗ, ಸಮುದ್ರದಲ್ಲಿ ದ್ವೀಪವನ್ನು ಸುತ್ತಿರುವ ಹವಳದ ಗೋಡೆಯ ಕಂಡಿಯೊಳಗೆ ನುಗ್ಗುವ ಹೊತ್ತಿಗೆ, ಹಿಂದಿನಿಂದ ಎದ್ದ ಅಲೆ ದೋಣಿಯನ್ನು ಮಗುಚಿ ಹಾಕಿತು. ಕಲಾಫಿಯೂ ಜೊತೆಗಿದ್ದ ಲವೀನಿಯಾಳ ತಮ್ಮನೂ ದೋಣಿಯ ತಳ ಹಿಡಿದುಕೊಂಡು ಬದುಕಿದರು. ಚಾಪೆ ಹೋಯಿತು. ಅವತ್ತಿನಿಂದ ಕಲಾಫಿ ಕಂಡಿ ದಾಟಿಲ್ಲ. ಅವತ್ತಿನಿಂದ ಫುಸಿಯ ಮನೆಯ ಬಾಗಿಲ ಪಕ್ಕದ ಕೊಕ್ಕೆಯೂ ಬರಿದು. ಹಿಡಿದದ್ದರಲ್ಲಿ ಒಳ್ಳೆಯ ಮೀನನ್ನು ತಂಗಿಯ ಬಾಗಿಲಿಗೆ ತೂಗುಹಾಕಿ ಸದ್ದಿಲ್ಲದೆ ಹೋಗುವುದು ಅಣ್ಣಂದಿರ ರೂಢಿ.

ಫುಸಿಯ ಜೊತೆಯಲ್ಲಿ ಆ ಮನೆಯಲ್ಲಿ ಇದ್ದವಳು ಅವರ ಸೋದರತ್ತೆ ಇಲೈಸಾನೆ. ಅಪ್ಪನ ಅಕ್ಕ, ನಮ್ಮಲ್ಲಿ ಸೋದರತ್ತೆಯ ಮಾತಿಗೆ ಎದುರಿಲ್ಲ. ಇಲೈಸಾನೆಗೆ ಇದು ಚೆನ್ನಾಗಿ ಗೊತ್ತಿತ್ತು, ಮತ್ತು ಆ ಅಧಿಕಾರವನ್ನು ಅವಳು ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ. ಅವತ್ತು ಸಂಜೆ ಅವಳು ಜಗಲಿಯಲ್ಲಿ ಕೂತು, ಬೇಯಿಸಿ ಸುಲಿದ ಕೇದಗೆ ಗರಿಗಳನ್ನು ಕಟ್ಟು ಮಾಡುತ್ತಿದ್ದಳು. ಆ ಕಟ್ಟನ್ನು ಕಲ್ಲಿನ ಭಾರ ಇಟ್ಟು ಸಮುದ್ರದ ನೀರಿನಲ್ಲಿ ನೆನೆಹಾಕಿದರೆ ಗರಿ ಬೆಳ್ಳಗಾಗುತ್ತದೆ. ಆಮೇಲೆ ಒಣಗಿಸಿ ನೇಯುವುದು.

“ಅವನಿಗೆ ಹೆದರಿಕೆ, ಅತ್ತೆ,” ಎಂದಳು ಫುಸಿ. “ಹೆದರಿಕೆ ಯಾವತ್ತೂ ತನ್ನ ಹೆಸರು ಹೇಳ್ಕೊಂಡು ಬರಲ್ಲ. ಇಂಜಿನ್ನು, ಗಾಳಿ, ಸೂರು ಅಂತ ಬೇರೆಯವರನ್ನ ಮುಂದೆ ಕಳಿಸುತ್ತೆ. ಒಂದು ಸಲ ತಪ್ಪಿಸ್ಕೊಂಡಾಗ ಜೀವಕ್ಕೆ ಹಾಯೆನಿಸುತ್ತಲ್ಲ, ಆ ನೆಮ್ಮದಿಗೋಸ್ಕರ ಇನ್ನೊಂದು ಸಲ ತಪ್ಪಿಸ್ಕೋತೀವಿ. ಹಾಗೇ ಅದು ಬೆಳೆಯುತ್ತೆ.”

“ಇದನ್ನ ಕಲಿಯಕ್ಕೆ ಸುವಾಗೆ ಹೋಗಿದ್ಯಾ? ನಮ್ಮ ಹಂದೀನ ಕೇಳಿದ್ರೆ ಹೇಳೋದು.”

“ಹಂದಿಗೆ ಔಷಧಿ ಗೊತ್ತಿಲ್ಲ.”

“ನಿನಗೆ ಗೊತ್ತಾ?”

“ಹೆದರಿಕೆ ಇರೋ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಹೋಗ್ಬೇಕು. ಒಂದಿನ ದೋಣೀಲಿ ಸುಮ್ನೆ ಕೂರೋದು. ಇನ್ನೊಂದಿನ ಹವಳದ ಗೋಡೆ ಈಚೆಗೇ, ಒಳಗಡಲಲ್ಲಿ ಒಂದು ಸುತ್ತು. ಆಮೇಲೆ ಕಂಡಿ ಹತ್ರ. ಮನಸ್ಸು ಪ್ರತಿ ಸಲ ನೋಡ್ಕೊಳ್ಳುತ್ತೆ, ಏನೂ ಆಗಲಿಲ್ಲ ಅಂತ.”

“ಸರಿ, ಹೋಗಿ ಹೇಳು ಅವನಿಗೆ.”

ಊರಿನ ಎಲ್ಲರ ಹೆದರಿಕೆಗೂ ಫುಸಿಯ ಕೋಣೆಯಲ್ಲಿ ಒಂದು ಕುರ್ಚಿ ಇತ್ತು, ಅಣ್ಣನದಕ್ಕೆ ಮಾತ್ರ ಇರಲಿಲ್ಲ. ತಂಗಿಯ ಎದುರು ಕೂತು ನನಗೆ ಹೆದರಿಕೆ ಎನ್ನುವುದಕ್ಕಿಂತ ಕಲಾಫಿ ನಾಲಗೆ ಕಚ್ಚಿಕೊಂಡು ಸಾಯುತ್ತಿದ್ದ.

“ನಾನೇ ಹೇಳ್ತೀನಿ ಬಿಡು,” ಎಂದಳು ಇಲೈಸಾನೆ. “ಲೋ, ನಿನ್ನ ತಂಗಿ ನಿನ್ನ ಹೇಡಿ ಅಂತಾಳೆ, ನಾಳೆ ಹೋಗಿ ದೋಣೀಲಿ ಕೂತ್ಕೋ ಅಂತ.”

“ಅತ್ತೆ.”

“ಮತ್ತೆ ಹೆಂಗೆ ಹೇಳೋದು? ನನ್ನ ಬಾಯಲ್ಲಿ ಬಂದ್ರೆ ಹಂಗೇ ಬರೋದು.”

ಫುಸಿ ಅತ್ತೆಯ ಕಾಲ ಬಳಿ ಇದ್ದ ಕೇದಗೆ ಕಟ್ಟನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಮುಖ ಅರಳಿತು. ಬುದ್ಧಿವಂತರಿಗೆ ಒಂದು ಉಪಾಯ ಹೊಳೆದಾಗ ಆಗುವ ಸಂತೋಷ ಬೇರೆ ಯಾರಿಗೂ ಆಗುವುದಿಲ್ಲ, ಅದು ಎಡವಟ್ಟಾದಾಗ ಆಗುವ ಪೇಚೂ ಹಾಗೆಯೇ.

ಮರುದಿನ ಇಲೈಸಾನೆ ಕಲಾಫಿಯ ಅಂಗಳದಲ್ಲಿ ನಿಂತು ಕೂಗಿದಳು. “ಲೋ ಕಲಾಫಿ, ಈ ಗರಿ ಕಟ್ಟನ್ನ ದೋಣೀಲಿ ಹಾಕ್ಕೊಂಡೋಗಿ ಜೆಟ್ಟಿ ಆಚೆ ಮುಳುಗಿಸು. ಈ ದಡದಲ್ಲಿ ಹಂದಿಗಳು ತುಳಿದು ರಾಡಿ ಮಾಡ್ತಿವೆ.”

ಕೇದಗೆ ನೆನೆಹಾಕುವುದು ಹೆಂಗಸರ ಕೆಲಸ, ಮಂಡಿಯುದ್ದದ ನೀರಿನ ಕೆಲಸ. ದಡದಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. “ಮುದುಕಿ ಕೇದಗೆಗೆ ದೋಣಿ ಸವಾರಿ ಮಾಡಿಸ್ತಿದೆ,” ಎಂದಳು ಒಬ್ಬಳು. ಕಲಾಫಿ ಏನನ್ನೂ ಕೇಳಲಿಲ್ಲ. ಕಟ್ಟನ್ನು ಹೆಗಲಿಗೆ ಹಾಕಿಕೊಂಡು ಹೋಗಿ ದೋಣಿಯಲ್ಲಿ ಕೂತ. ಇಂಜಿನ್ನು ಮೊದಲನೇ ಎಳೆತಕ್ಕೇ ಶುರುವಾಯಿತು.

ಎರಡು ದಿನ ಬಿಟ್ಟು ಅತ್ತೆಗೆ ಜೆಟ್ಟಿ ಆಚೆಯ ನೀರೂ ಸರಿಬರಲಿಲ್ಲ, ಎಣ್ಣೆ ವಾಸನೆ. ಅದೇ ಕಟ್ಟನ್ನು ಎತ್ತಿ ಇನ್ನೂ ಆಚೆ, ಪುಟ್ಟ ಮರಳುದಿಬ್ಬದ ಹತ್ತಿರ ಹಾಕಬೇಕಾಯಿತು. ಆಮೇಲೆ ಮರಳುದಿಬ್ಬದ ಹತ್ತಿರ ಬಿಸಿಲು ಜಾಸ್ತಿಯಾಯಿತು. ಫುಸಿ ಆರೋಗ್ಯ ಕೇಂದ್ರದ ಕಿಟಕಿಯಿಂದ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತು ಒಳಗಡಲು ಹಸಿರು ಗಾಜಿನಂತೆ ಅಲ್ಲಾಡದೆ ಮಲಗಿರುತ್ತಿತ್ತು. ಅದರ ಮೇಲೆ ಅಣ್ಣನ ಬಿಳಿ ದೋಣಿ ಯಾವುದೋ ನಿದ್ದೆಯೊಳಗೆ ಸಾಗುವ ಹಾಗೆ ಸಾಗುತ್ತಿತ್ತು. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅವಳಿಗೆ ಅಣ್ಣನ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯ. ಅವನು ದೊಡ್ಡವನಾಗಿ, ಹುಡುಗರಿಗೆಂದೇ ಹಾಕಿದ ಬೇರೆ ಗುಡಿಸಲಿನಲ್ಲಿ ಮಲಗತೊಡಗಿದಂದಿನಿಂದ ಅವಳು ಅವನನ್ನು ನೋಡಿದ್ದೆಲ್ಲ ಹಿಂದಿನಿಂದಲೇ.

ಅದಕ್ಕೂ ಹಿಂದಿನ ಒಂದೇ ಒಂದು ಮುಖ ನೆನಪಿನಲ್ಲಿತ್ತು. ನೀರಿನ ಮೇಲೆ ಬಾಗಿದ, ಹಲ್ಲು ಬಿದ್ದ ಹುಡುಗನ ಮುಖ. ಅವಳ ಬೆನ್ನ ಕೆಳಗೆ ಅವನ ಎರಡು ಅಂಗೈ. “ಕಣ್ಣು ಮುಚ್ಕೋ. ನಾನು ಕೈ ತೆಗಿತೀನಿ, ನಿನಗೆ ಗೊತ್ತೇ ಆಗಲ್ಲ. ನೀರೇ ಹಿಡ್ಕೊಳ್ಳುತ್ತೆ.” ಅವನು ಯಾವಾಗ ಕೈ ತೆಗೆದನೋ ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಈಗ ನಾನು ಅವನ ಬೆನ್ನ ಕೆಳಗೆ ಕೈ ಇಟ್ಟಿದ್ದೇನೆ ಎಂದುಕೊಂಡಳು ಫುಸಿ. ಅವಳಿಗೆ ಹೆಮ್ಮೆಯೂ ಆಯಿತು. ಆ ವಾರವೆಲ್ಲ ಅವಳು ಗುನುಗುತ್ತ ಕೆಲಸ ಮಾಡಿದಳು.

ಮಕ್ಕಳ ಭಾನುವಾರಕ್ಕೆ ಇನ್ನು ಕೆಲವೇ ದಿನ ಇರುವಾಗ ಇಲೈಸಾನೆ ಕೊನೆಯ ಸಲ ಹೋಗಿ ಕೂಗಿದಳು. ಕಟ್ಟು ಕಂಡಿಯ ಬಾಯಿಗೆ ಹೋಗಬೇಕು, ಅಲ್ಲಿ ನೀರು ಹರಿಯುತ್ತಿರುತ್ತೆ, ಗರಿ ಹಲ್ಲಿನಷ್ಟು ಬೆಳ್ಳಗಾಗುತ್ತೆ. ಆವತ್ತು ಕಲಾಫಿ ಮೊದಲ ಸಲ ಬಾಯಿಬಿಟ್ಟು ಕೇಳಿದ.

“ಈ ಗರಿ ಯಾರಿಗೆ, ಅತ್ತೆ?”

ಇದಕ್ಕೆ ಉತ್ತರವನ್ನು ಅತ್ತೆಗೆ ಯಾರೂ ಬಾಯಿಪಾಠ ಮಾಡಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು. “ಇನ್ಯಾರಿಗೋ, ನಿನ್ನ ತಂಗಿಗೆ. ಅವಳ ಸೊಂಟಕ್ಕೆ ಒಂದು ಚಾಪೆ ಬೇಡ್ವಾ?”

ಕಲಾಫಿ ತಲೆ ಬಗ್ಗಿಸಿ ಕಟ್ಟನ್ನು ತೆಗೆದುಕೊಂಡ.

ಫುಸಿ ರಜೆ ಹಾಕಿ ದಡಕ್ಕೆ ಬಂದಿದ್ದಳು. ಹಳೆಯ ತೆಂಗಿನ ಮರದ ನೆರಳಿನಲ್ಲಿ ನಿಂತು ನೋಡಿದಳು. ದೋಣಿ ಕಂಡಿಯ ಬಾಯಿಗೆ ಹೋಯಿತು, ನಿಂತಿತು, ಲಂಗರು ಬಿತ್ತು. ಅಣ್ಣ ಕಟ್ಟನ್ನು ಇಳಿಸಿದ. ಅವಳ ಕಣ್ಣು ಒದ್ದೆಯಾಯಿತು. ಇಷ್ಟೇ ಬೇಕಾಗಿದ್ದದ್ದು; ನಾಳೆ ಅವನು ಕಂಡಿ ದಾಟುತ್ತಾನೆ. ಅಷ್ಟರಲ್ಲಿ ಕಲಾಫಿ ಅಂಗಿ ಕಳಚಿ ನೀರಿಗೆ ಹಾರಿದ.

ಬಹಳ ಹೊತ್ತು ಅವನು ಮೇಲೆ ಬರಲಿಲ್ಲ. ಬಂದವನು ಉಸಿರು ತೆಗೆದುಕೊಂಡು ಮತ್ತೆ ಮುಳುಗಿದ. ಸ್ವಲ್ಪ ಆಚೆ ಎದ್ದ, ಮತ್ತೆ ಮುಳುಗಿದ. ಹವಳದ ಗೋಡೆಗೆ ಅಲೆ ಒಡೆದು ಬಿಳಿ ನೊರೆ ಏಳುವ ಕಡೆಯೇ ಅವನ ತಲೆ ಕಾಣುವುದು, ಮರೆಯಾಗುವುದು. ಬಿಸಿಲು ಇಳಿಯಿತು. ಹೆದರಿದವನು ಹಾಗೆ ಮುಳುಗುವುದಿಲ್ಲ. ಫುಸಿ ಓದಿದ ಯಾವ ಪುಸ್ತಕದಲ್ಲೂ ಹೆದರಿದವನು ಹಾಗೆ ಮುಳುಗಿರಲಿಲ್ಲ. ಅವಳು ಮರವನ್ನು ಹಿಡಿದುಕೊಂಡು ನಿಂತೇ ಇದ್ದಳು.

ಮರುದಿನ ಬೆಳಿಗ್ಗೆ ಲವೀನಿಯಾ ಬಂದಳು. ಯಾವತ್ತೂ ಬಾಗಿಲಾಚೆಯೇ ತಲೆತಗ್ಗಿಸಿ ನಿಲ್ಲುವವಳು ಇವತ್ತು ನೆಟ್ಟಗೆ ಒಳಗೆ ಬಂದು ಕೂತಳು.

“ಕೈಕಾಲೆಲ್ಲ ಹವಳ ಕೊಯ್ದಿದೆ. ರಾತ್ರಿಯೆಲ್ಲ ನಿಂಬೆಹುಳಿ ಹಚ್ಚಿದೀನಿ. ನೀವು ಗಂಡನ ತಂಗಿ, ನನಗಿಂತ ಮೇಲಿನೋರು, ನಿಮಗೆ ನಾನು ಹೇಳಬಾರದು. ಆದ್ರೂ ಹೇಳ್ತೀನಿ. ಅಷ್ಟು ಬೇಕಿದ್ರೆ ಒಂದೇ ಮಾತು ಅಂದುಬಿಡಬೇಕಿತ್ತು. ದಿನಾ ಒಂದಷ್ಟು ದೂರ, ದಿನಾ ಒಂದಷ್ಟು ದೂರ ಅಂತ ಕೈಹಿಡ್ಕೊಂಡು ಹೋದ ಹಾಗೆ ಅಲ್ಲಿಗೇ ಕರ್ಕೊಂಡೋಗ್ಬೇಕಿತ್ತಾ?”

“ಏನಂತಿದೀರಿ, ಅತ್ತಿಗೆ? ಅವನ ಹೆದರಿಕೆ ಹೋಗಲಿ ಅಂತ...”

“ಯಾವ ಹೆದರಿಕೆ?” ಲವೀನಿಯಾಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಅವರಿಗೆ ನೀರು ಅಂದ್ರೆ ಹೆದರಿಕೆ ಅಂದ್ಕೊಂಡ್ರಾ? ಅಮ್ಮನ ಚಾಪೆ ಕಳೆದ ಜಾಗ ದಾಟಕ್ಕೆ ಅವರಿಗೆ ನಾಚಿಕೆ.”

ಲವೀನಿಯಾ ಮುಂದಕ್ಕೆ ಸರಿದು ಕೂತಳು.

“ಅವರು ಅಂದ್ಕೊಂಡಿದ್ದು ಬೇರೆ. ಎಲ್ಲಿ ಕಳೆದ್ಯೋ ಅಲ್ಲಿ ಹೋಗಿ ಹುಡುಕು ಅಂತ ತಂಗಿ ಹೇಳಿ ಕಳಿಸ್ತಿದಾಳೆ ಅಂತ. ಮೊದಲನೇ ದಿನವೇ ಹೇಳಿದ್ರು, ಇದು ಅತ್ತೆ ಮಾತಲ್ಲ, ಫುಸಿ ಮಾತು ಅಂತ. ನಿನ್ನೆ ಅತ್ತೆ ಬಾಯಿಬಿಟ್ಟು ಅಂದೇಬಿಟ್ರಲ್ಲ, ತಂಗಿ ಸೊಂಟಕ್ಕೆ ಚಾಪೆ ಬೇಡ್ವಾ ಅಂತ. ವರ್ಷ ಆಯ್ತು, ಅಲ್ಲಿ ಚಾಪೆ ಎಲ್ಲಿರುತ್ತೆ ಅಂದೆ. ನನಗೂ ಗೊತ್ತು ಅಂದ್ರು. ಗೊತ್ತಿದ್ದೂ ಮುಳುಗಿದ್ರು. ಇನ್ನು ದೋಣಿ ನೋಡಕ್ಕೂ ನನಗೆ ಮುಖ ಇಲ್ಲ, ಸೋಮವಾರ ಕೊಟ್ಟುಬಿಡ್ತೀನಿ ಅಂತಿದಾರೆ.”

“ಚಾಪೆ ಹೋದ್ರೆ ಹೋಗಲಿ ಅಂತ ನಾನು ಅವತ್ತೇ ಹೇಳಿ ಕಳಿಸಿದ್ದೆ.”

“ಹೇಳಿ ಕಳಿಸಿದ್ರಿ. ಆದ್ರೆ ಅವರು ಒಳಗಡೆ ಮಲಗಿದ್ರು, ನೀವು ಅಂಗಳದಲ್ಲಿ ಇದ್ರಿ. ನನ್ನ ತಮ್ಮ ಬಂದು ‘ಜೀವಕ್ಕೇನೂ ಇಲ್ಲ, ಚಾಪೆ ಹೋಯ್ತು’ ಅಂದ. ಅಂದಿದ್ದೇ ತಡ ನೀವು ಹೆಣದ ಮುಂದೆ ಅಳೋ ಹಾಗೆ ಅತ್ತಿರಿ. ಅವರು ಅದನ್ನ ಕೇಳಿಸ್ಕೊಂಡು ಮಲಗಿದ್ರು.”

ಫುಸಿಗೆ ಆ ಗಳಿಗೆ ಮತ್ತೆ ಎದುರು ಬಂತು. ಅಣ್ಣ ಸತ್ತ ಎಂದುಕೊಂಡೇ ಅವಳು ಓಡಿಬಂದಿದ್ದಳು. ಜೀವಕ್ಕೇನೂ ಇಲ್ಲ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನದು ಯಾವುದೂ ಕೇಳಿಸಿರಲಿಲ್ಲ. ಹಿಡಿದಿಟ್ಟಿದ್ದ ಅಳು ಅಷ್ಟೂ ಹೊರಗೆ ಬಂದಿತ್ತು. ಎರಡು ಮಾತಿನಲ್ಲಿ ಅವಳು ಮೊದಲನೆಯದಕ್ಕೆ ಅತ್ತಿದ್ದಳು, ಅವನು ಎರಡನೆಯದಕ್ಕೆ ಎಂದುಕೊಂಡಿದ್ದ.

“ನಾನು ಅತ್ತಿದ್ದು ಅವನು ಬದುಕಿದ ಅಂತ. ಹೇಳಿಬಿಡಿ, ಅತ್ತಿಗೆ. ಈಗಲೇ ಹೋಗಿ ಹೇಳಿ.”

“ಹೇಳಿಲ್ವಾ ನಾನು? ವರ್ಷದಿಂದ ಹೇಳ್ತಿದೀನಿ. ಹೆಂಡತಿ ಹೇಳಿದ್ರೆ ಅದು ಸಮಾಧಾನದ ಮಾತು. ನಿಮ್ಮ ಸೊಂಟ ಬೇರೆ ಹೇಳುತ್ತಲ್ಲ. ಭಾನುವಾರ ಬಂತು ಅಂದ್ರೆ ಅವರ ಕಣ್ಣು ಅಲ್ಲಿಗೇ ಹೋಗೋದು. ಚರ್ಚಿಂದ ಬಂದು ಊಟ ಮಾಡಲ್ಲ.”

ಫುಸಿ ತಲೆ ಬಗ್ಗಿಸಿ ತನ್ನ ಸೊಂಟವನ್ನು ನೋಡಿಕೊಂಡಳು. ಒರಟು ಗರಿಯ, ಅಂಚು ಹರಿದು ಎಳೆ ಬಿಟ್ಟ ಕಂದು ಚಾಪೆ. ಅಮ್ಮ ತೀರಿಕೊಂಡಾಗ ಸೂತಕಕ್ಕೆ ಉಟ್ಟದ್ದು. ಹರಿದ ಚಾಪೆ ಸುತ್ತಿಕೊಂಡವರ ಮನೆಯಲ್ಲಿ ಸಾವಾಗಿದೆ ಎಂದು ನಮ್ಮಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು. ಸೂತಕ ಮುಗಿದ ಮೇಲೆ ಮಡಿಸಿಟ್ಟಿದ್ದನ್ನು ಅವಳು ಮತ್ತೆ ತೆಗೆದಿದ್ದಳು, ಏಕೆಂದರೆ ಒಳ್ಳೆಯದು ಸಮುದ್ರಕ್ಕೆ ಹೋದ ಮೇಲೆ ಅಮ್ಮನ ಕೈಯ ನೇಯ್ಗೆ ಎಂದು ಉಳಿದದ್ದು ಇದೊಂದೇ. ಬಿಸಿಲಿಗೆ ಬೆಚ್ಚಗಾದಾಗ ಅದರಿಂದ ತೆಂಗಿನೆಣ್ಣೆಯ, ಅಮ್ಮನ ವಾಸನೆ ಬರುತ್ತಿತ್ತು. ಆ ವಾಸನೆಗೋಸ್ಕರ ಉಟ್ಟು ಉಟ್ಟು ಅವಳ ಕಣ್ಣಿಗೆ ಅದರ ಹರಕು ಕಾಣುವುದೇ ನಿಂತುಹೋಗಿತ್ತು. ಊರಿನವರು ಕೇಳಲಿಲ್ಲ, ಓದಿದವಳು, ಏನೋ ಕಾರಣ ಇರಬೇಕು ಎಂದುಕೊಂಡರು. ವಾರ ವಾರವೂ ಅವಳು ಅಣ್ಣನ ಮುಂದೆ ಸೂತಕ ಉಟ್ಟುಕೊಂಡು ನಡೆದಿದ್ದಳು.

ಅವಳಿಗೆ ನಾಚಿಕೆಯಾಯಿತು, ಆಮೇಲೆ ಬರೀ ದುಃಖವಾಯಿತು. ಎಷ್ಟು ಜನರ ಮೌನವನ್ನು ಬಿಡಿಸಿ ಬಿಡಿಸಿ ಅರ್ಥ ಹೇಳಿದವಳು. ಅವಳು ಚಾಪೆಯ ಗಂಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಕೂತಳು.

“ಅತ್ತಿಗೆ,” ಎಂದಳು ಆಮೇಲೆ, “ನಿಮ್ಮ ಚಿಕ್ಕ ದೋಣಿ ಇದೆಯಲ್ಲ, ಹುಟ್ಟು ಹಾಕೋದು. ನನ್ನನ್ನ ಕಂಡಿ ಹತ್ರ ಕರ್ಕೊಂಡೋಗಿ.”

ಅವತ್ತು ಇಳಿತದ ಹೊತ್ತು ಗಾಳಿ ಪೂರಾ ಬಿದ್ದಿತ್ತು. ಇಬ್ಬರೂ ಹೆಂಗಸರು ಹುಟ್ಟು ಹಾಕಿದರು. ಕೆಳಗೆ ಮರಳಿನ ಮೇಲೆ ದೋಣಿಯ ನೆರಳು ಅವರ ಜೊತೆಗೇ ಬರುತ್ತಿತ್ತು. ಕಂಡಿಯ ಬಾಯಲ್ಲಿ ನೀರು ಹಸಿರಿನಿಂದ ನೀಲಿಗೆ ತಿರುಗುವ ಕಡೆ, ಹವಳದ ಒಂದು ಮೂಲೆಯಲ್ಲಿ, ಕೇದಗೆ ಕಟ್ಟು ಬೆಳ್ಳಗೆ ಕಾಣುತ್ತಿತ್ತು. ಫುಸಿ ನೀರಿಗಿಳಿದು ಎಷ್ಟೋ ವರ್ಷವಾಗಿತ್ತು. ಉಟ್ಟ ಬಟ್ಟೆಯಲ್ಲೇ ಇಳಿದಳು. ಮೊದಲು ಸುಮ್ಮನೆ ಅಂಗಾತ ಮಲಗಿ ಕಣ್ಣು ಮುಚ್ಚಿದಳು. ಕಿವಿಯೊಳಗೆ ನೀರು ತುಂಬಿ ಮೇಲಿನ ಲೋಕದ ಸದ್ದೆಲ್ಲ ನಿಂತಿತು. ಹವಳದ ಗೋಡೆಯ ಆಚೆ ಎಲ್ಲಿಯೋ ಸಮುದ್ರ ಉಸಿರಾಡುವುದು ಮಾತ್ರ ಕೇಳಿಸುತ್ತಿತ್ತು. ಬೆನ್ನ ಕೆಳಗೆ ಎರಡು ಪುಟ್ಟ ಅಂಗೈ ಇದ್ದವು. ಇರಲಿಲ್ಲ. ಇದ್ದವೋ ಇಲ್ಲವೋ ಎಂದು ಅವಳು ಆವತ್ತೂ ನೋಡಿರಲಿಲ್ಲ, ಈಗಲೂ ನೋಡಲಿಲ್ಲ. ಆಮೇಲೆ ಉಸಿರು ಹಿಡಿದು ಮುಳುಗಿದಳು.

ಕಟ್ಟಿನ ಮೇಲಿನ ಕಲ್ಲುಗಳನ್ನು ಅವನು ಎಷ್ಟು ಜೋಪಾನವಾಗಿ ಇಟ್ಟಿದ್ದನೆಂದರೆ, ಒಂದೊಂದಾಗಿ ತೆಗೆಯಲು ಅವಳು ಹಲವು ಸಲ ಮುಳುಗಬೇಕಾಯಿತು.

ಅಷ್ಟು ಬಿಳಿಯ ಗರಿಯನ್ನು ಇಲೈಸಾನೆ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. “ಸುಳ್ಳು ಹೇಳಕ್ಕೆ ಹೋಗಿ ನಿಜ ಮಾಡ್ಬಿಟ್ವಲ್ಲೇ,” ಎಂದಳು. ಗರಿಗಳು ಬಿಸಿಲಿನಲ್ಲಿ ಒಣಗಿ ಸುರುಳಿ ಸುತ್ತಿಕೊಂಡವು. ಚಾಪೆ ನೇಯಲು ಹೊತ್ತಿರಲಿಲ್ಲ. ಸೊಂಟಪಟ್ಟಿಯೊಂದನ್ನು ಹೆಣೆದು ಅದಕ್ಕೆ ಎಳೆಗಳ ಝಾಲರಿ ಇಳಿಬಿಡುವುದಷ್ಟೇ ಆಗುತ್ತಿತ್ತು. ಹಬ್ಬಹುಣ್ಣಿಮೆಗೆ, ಸಂತೋಷದ ದಿನಗಳಿಗೆ ನಮ್ಮ ಹೆಂಗಸರು ಕಟ್ಟಿಕೊಳ್ಳುವುದು ಅದನ್ನೇ.

“ಕೊಡಿಲ್ಲಿ, ನಾನು ಮಾಡ್ತೀನಿ,” ಎಂದಳು ಅತ್ತೆ.

“ಬೇಡ. ನಾನೇ ಮಾಡ್ಬೇಕು.”

“ನಿನ್ನ ಕೈಲಿ ಆದಾಗಲೇ ಆಯ್ತು. ನಿಮ್ಮಮ್ಮ ನಿನಗೆ ಕಲಿಸಕ್ಕೆ ಕೂತಾಗೆಲ್ಲ ಪುಸ್ತಕ ಹಿಡ್ಕೊಂಡು ಓಡ್ತಿದ್ದೆ. ಅದು ಹೆಣಿಗೆಯೋ ಏಡಿ ಹೋದ ದಾರಿಯೋ?”

“ಬೈತಾನೇ ಇರಿ, ಅತ್ತೆ. ನಿಲ್ಲಿಸಬೇಡಿ.”

ಶನಿವಾರ ಕತ್ತಲಾಗುವ ಹೊತ್ತಿಗೆ ಮುಗಿಯಿತು. ಎಳೆಗಳು ಒಂದು ಉದ್ದ ಒಂದು ಗಿಡ್ಡ, ಪಟ್ಟಿ ಒಂದು ಕಡೆ ಸೊಟ್ಟ. ಇಲೈಸಾನೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಬೈಯಲು ಏನೂ ಸಿಗದೆ, ತೆಂಗಿನೆಣ್ಣೆ ತಂದು ಎಳೆಗಳಿಗೆ ಸವರಿದಳು.

ಭಾನುವಾರ ಚರ್ಚು ಬಿಳಿ ಬಟ್ಟೆಯ ಮಕ್ಕಳಿಂದ ತುಂಬಿತ್ತು. ಗಂಡಸರ ಕಡೆಯ ಹಿಂದಿನ ಸಾಲಿನಲ್ಲಿ ಕಲಾಫಿ ಕೂತಿದ್ದ, ಕೈಗೆ ಬಟ್ಟೆ ಸುತ್ತಿಕೊಂಡು. ಫುಸಿ ನಡುವಿನ ದಾರಿಯಲ್ಲಿ ಅವನ ಸಾಲನ್ನು ದಾಟಿ ಮುಂದೆ ಹೋಗಬೇಕಾಗಿತ್ತು. ಹೆಜ್ಜೆಗೊಮ್ಮೆ ಝಾಲರಿ ಸರಸರ ಎಂದಿತು. ಹೆಂಗಸರು ತಿರುಗಿ ನೋಡಿದರು. ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ಬಾಯಿ ಮುಚ್ಚಿಕೊಂಡಳು. ಫುಸಿ ಅಣ್ಣನ ಕಡೆ ನೋಡಲಿಲ್ಲ. ನೋಡುವ ಹಾಗಿರಲಿಲ್ಲ. ಅವನ ಸಾಲಿನ ಹತ್ತಿರ ಮಾತ್ರ ಸ್ವಲ್ಪ ನಿಧಾನಕ್ಕೆ ನಡೆದಳು.

ಕಲಾಫಿಯ ಮಗಳು ಸೀಲಿಯಾ ಎದ್ದು ನಿಂತು ತಾನು ಕಲಿತ ಬೈಬಲ್ ವಾಕ್ಯವನ್ನು ಒಂದೇ ಉಸಿರಿಗೆ ಒಪ್ಪಿಸಿ, ಸೋದರತ್ತೆ ಫುಸಿಯ ಕಡೆ ನೋಡಿ ಹಲ್ಲುಬಿಟ್ಟಳು. ಅವಳ ಹಲ್ಲೂ ಬಿದ್ದಿತ್ತು. ಪ್ರಾರ್ಥನೆ ಮುಗಿದು ಜನ ಹೊರಗೆ ಹೋಗುವಾಗ ಫುಸಿಗೆ ಬಾಗಿಲ ಬೆಳಕಿನಲ್ಲಿ ಅಣ್ಣನ ಬೆನ್ನು ಕಾಣಿಸಿತು. ಬೆನ್ನು ನೋಡಿ ಅವನ ಮನಸ್ಸು ಹೇಳುವುದು ತನಗೆ ಬರುತ್ತದೆ ಎಂದು ಅವಳು ಇಷ್ಟು ದಿನ ನಂಬಿದ್ದಳು. ಈ ಸಲ ಅವಳು ಏನನ್ನೂ ಹೇಳಿಕೊಳ್ಳಲಿಲ್ಲ, ಬೆನ್ನನ್ನು ಬೆನ್ನಾಗಿಯೇ ನೋಡಿದಳು.

ಸೋಮವಾರದ ಹಡಗಿನಲ್ಲಿ ನುಕುಅಲೋಫಾದ ಮನುಷ್ಯ ಬಂದ. ಜೆಟ್ಟಿಯಲ್ಲಿ ದೋಣಿ ಇರಲಿಲ್ಲ. ಅವನು ಮರದ ಕೆಳಗೆ ಕೂತು, ಎಳನೀರು ಕುಡಿದು, ಕೆಸುವಿನೆಲೆಯಲ್ಲಿ ಕಟ್ಟಿ ಬೇಯಿಸಿದ ಮಾಂಸ ತಿಂದು, ಗಡಿಯಾರ ನೋಡಿ ನೋಡಿ ಸಾಕಾಗಿ ಇಲೈಸಾನೆಯನ್ನು ಕೇಳಿದ.

“ದೋಣಿ ಎಲ್ಲಿ, ಅಜ್ಜಿ?”

“ದೋಣಿ ಸಮುದ್ರದಲ್ಲಿರುತ್ತಪ್ಪ. ನಿಮ್ಮೂರಲ್ಲಿ ಎಲ್ಲಿರುತ್ತೆ?”

ಅವನು ಅದೇ ಹಡಗಿನಲ್ಲಿ ವಾಪಸು ಹೋದ.

ಫುಸಿಗೆ ಅವತ್ತು ಕೆಲಸ ಜಾಸ್ತಿ ಇತ್ತು. ಮುದುಕನೊಬ್ಬ ನಿದ್ದೆ ಬರುವುದಿಲ್ಲ ಎಂದು ಬಂದು, ಕುರ್ಚಿಯಲ್ಲೇ ಗೊರಕೆ ಹೊಡೆದ. ಅವಳು ಅವನನ್ನು ಎಬ್ಬಿಸಲಿಲ್ಲ, ಕಾರಣವನ್ನೂ ಹುಡುಕಲಿಲ್ಲ. ಕಿಟಕಿಯ ಕಡೆ ಎಷ್ಟು ಸಲ ನೋಡಿದರೂ ಒಳಗಡಲು ಖಾಲಿ ಇತ್ತು.

ಸಂಜೆ ಅವಳು ಅಡುಗೆಮನೆಯಲ್ಲಿ ದೀವಿಹಲಸು ಹೆಚ್ಚುತ್ತಿದ್ದಾಗ ಬಾಗಿಲ ಹತ್ತಿರ ಏನೋ ತಗುಲಿದ ಸದ್ದಾಯಿತು. ಕೈ ಒರೆಸಿಕೊಂಡು ಹೋಗಿ ತೆರೆದಳು. ಕೊಕ್ಕೆಯಲ್ಲಿ ಒಂದು ದೊಡ್ಡ ಕೆಂಪು ಮೀನು ತೂಗುತ್ತಿತ್ತು. ಹವಳದ ಗೋಡೆಯ ಆಚೆ, ಆಳದಲ್ಲಿ ಮಾತ್ರ ಸಿಗುವ ಮೀನು. ಬಾಯಿಗೆ ದಾರದ ಬದಲು ಕೇದಗೆಯ ಒಂದು ಬಿಳಿ ಎಳೆ ಪೋಣಿಸಿ ಗಂಟು ಹಾಕಿತ್ತು. ನಿನ್ನೆ ಚರ್ಚಿನಲ್ಲಿ ಅವಳ ಝಾಲರಿಯಿಂದ ಕಳಚಿ ಬಿದ್ದದ್ದಿರಬೇಕು; ಅಷ್ಟು ಸೊಟ್ಟಾಗಿ ಸೀಳಿದ್ದು ಅವಳೇ.

ದಾರಿಯಲ್ಲಿ ಕಲಾಫಿ ಹೋಗುತ್ತಿದ್ದ, ಬೆನ್ನು ಈ ಕಡೆ. ಅಂಗಿ ಒದ್ದೆಯಾಗಿತ್ತು. ಬಾಗಿಲು ತೆರೆದ ಸದ್ದು ಅವನಿಗೆ ಕೇಳಿಸಿರಬೇಕು. ಅವನು ತಿರುಗಲಿಲ್ಲ. ಕೈಯಲ್ಲಿದ್ದ ಬಾಳೆಕಾಯಿಯನ್ನು ತಿನ್ನುತ್ತ, ನಿಧಾನಕ್ಕೆ ನಡೆದುಹೋದ.

ಫುಸಿ ಮೀನನ್ನು ತಕ್ಷಣ ಇಳಿಸಲಿಲ್ಲ. ಹೊಸ್ತಿಲ ಮೇಲೆ ಕೂತಳು. ಅದರ ಬಾಲದಿಂದ ಸಮುದ್ರದ ನೀರು ಮೆಟ್ಟಿಲಿಗೆ ತೊಟ್ಟಿಕ್ಕುತ್ತಿತ್ತು.